ತಕ್ಕಡಿಯಪ್ಪ ಬರಿಗೈಯಲ್ಲಿ ಹೋದದ್ದು

ತಕ್ಕಡಿಯಪ್ಪನಿಗೆ ಆ ಹೆಸರು ಬಂದದ್ದು ಕಸುಬಿನಿಂದ, ಅಂಟಿಕೊಂಡದ್ದು ಮಾತ್ರ ಗುಣದಿಂದ. ಕಸುಬೆಂದರೆ ಅಂಗಡಿಗಳ ತಕ್ಕಡಿ ರಿಪೇರಿ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಅರಗಳು, ಸೀಸದ ಚೂರು ತುಂಬಿದ ಡಬ್ಬಿ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಹಿತ್ತಾಳೆ ತಟ್ಟೆಗಳು. ಮಾಂಸದಂಗಡಿಯವನದು, ತರಕಾರಿಯವಳದು, ಅಕ್ಕಸಾಲಿಯದು, ಎಲ್ಲ ತಕ್ಕಡಿಗಳೂ ಅಲ್ಲಿಗೇ ಬರಬೇಕು. ಸವೆದ ತೂಕದ ಬಟ್ಟಿನ ಅಡಿಯಲ್ಲಿ ಒಂದು ಗುಳಿ ಇರುತ್ತದಲ್ಲ, ಅದಕ್ಕೆ ಸೀಸ ತುಂಬಿ, ಅರದಿಂದ ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ, ಮುಳ್ಳು ನಟ್ಟನಡುವೆ ನಿಲ್ಲುವ ತನಕ ಆ ಮಹಾಶಯನಿಗೆ ಊಟವಿಲ್ಲ, ಮಾತಿಲ್ಲ. ಮುಳ್ಳು ಕೂದಲೆಳೆಯಷ್ಟು ವಾಲಿದರೆ ಅವನ ಹುಬ್ಬೂ ಅದೇ ಕಡೆ ವಾಲುತ್ತಿತ್ತು.

ಇನ್ನು ಗುಣ. ಯಾರಿಂದಲೂ ಏನನ್ನೂ ಸುಮ್ಮನೆ ಇಸಿದುಕೊಂಡವನಲ್ಲ. ಪಕ್ಕದ ಮನೆಯ ನರ್ಸಮ್ಮ ಒಂದು ತುಂಡು ಕೇಕು ಕೊಟ್ಟಳೆನ್ನಿ. ಬೇರೆಯವರಾದರೆ ತಿಂದು, ಬಾಯಿ ಒರೆಸಿಕೊಂಡು, ಚೆನ್ನಾಗಿತ್ತಮ್ಮ ಅನ್ನುತ್ತಾರೆ. ಈ ಪುಣ್ಯಾತ್ಮ ಅದನ್ನು ಅಕ್ಕಸಾಲಿಯ ತಕ್ಕಡಿಯಲ್ಲಿ ಇಡುತ್ತಿದ್ದ. ತಟ್ಟೆಯ ತೂಕ ಕಳೆಯುತ್ತಿದ್ದ. ಮಾರನೆಯ ದಿನ ಅಷ್ಟೇ ತೂಕದ, ಚಿಟಿಕೆಯಷ್ಟು ಜಾಸ್ತಿಯೇ ಇರುವ ಕೇಕು ಅದೇ ತಟ್ಟೆಯಲ್ಲಿ ನರ್ಸಮ್ಮನ ಬಾಗಿಲಲ್ಲಿ ಹಾಜರು. ಮುಯ್ಯಿಗೆ ಮುಯ್ಯಿ, ಮೇಲೊಂದು ಚಿಟಿಕೆ. ಆ ಚಿಟಿಕೆಯಲ್ಲೇ ಇತ್ತು ಅವನ ಗತ್ತೆಲ್ಲ.

"ಕೊಟ್ಟೋನು ಕೋಡಂಗಿ ಅಂತ ಕೇಳಿದ್ದೆ," ಎಂದು ಹೆಂಡತಿ ನಗುತ್ತಿದ್ದಳು. "ನಿಮಗೆ ಕೊಟ್ಟೋರು ಮಾತ್ರ ನಿಜವಾಗ್ಲೂ ಕೋಡಂಗಿಗಳೇ. ಕೇಕು ಕೊಟ್ಟು ಕೇಕು ತಗೊಂಡು ಹೋಗ್ತಾರೆ, ಪಾಪ."

"ಯಾರ ಹಂಗೂ ನಮಗೆ ಬೇಡ," ಎನ್ನುತ್ತಿದ್ದ ಅವನು.

ಆ ಹಂಗು ಎನ್ನುವ ಮಾತು ಅವನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ತಂದೆ ತೀರಿಕೊಂಡ ಮೇಲೆ ಅವನೂ ತಾಯಿಯೂ ದೊಡ್ಡಮ್ಮನ ಮನೆಯಲ್ಲಿ ಇದ್ದರು. ದೊಡ್ಡಮ್ಮ ಕೆಟ್ಟವಳೇನಲ್ಲ, ಹೊಟ್ಟೆ ತುಂಬ ಹಾಕುತ್ತಿದ್ದಳು. ಆದರೆ ಹಾಕಿದ್ದನ್ನು ಹಾಕಿದಾಗಲೆಲ್ಲ ಹೇಳುತ್ತಿದ್ದಳು. ಬಂದ ನೆಂಟರಿಗೆ ಹೇಳುತ್ತಿದ್ದಳು, ಹಾಲಿನವನಿಗೆ ಹೇಳುತ್ತಿದ್ದಳು. ಅವನು ತೊಟ್ಟ ಅಂಗಿಯನ್ನು ಬೆರಳಲ್ಲಿ ಹಿಡಿದು, ಇದು ನಮ್ಮ ಹುಡುಗನದು ಕಣ್ರೀ, ಇವನಿಗೆ ಕೊಟ್ವಿ ಎಂದು ತೋರಿಸುತ್ತಿದ್ದಳು. ತಾಯಿ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದದ್ದನ್ನು ನೋಡಿ ನೋಡಿ ಆ ಮಗುವಿನ ಮನಸ್ಸು ಕಲ್ಲಾಯಿತು. ದೊಡ್ಡವನಾದ ಮೇಲೆ ಯಾರ ಮುಂದೆಯೂ ಕೈ ಚಾಚಲಾರೆ ಎಂದು ಆಗಲೇ ಶಪಥ ಮಾಡಿದ್ದ. ಅಯ್ಯೋ ಪಾಪ ಅನಿಸುತ್ತದೆ, ನಿಜ. ಆದರೆ ದೊಡ್ಡಮ್ಮನ ಸಾಲಕ್ಕೆ ಲೋಕದವರನ್ನೆಲ್ಲ ಹಿಡಿದರೆ ಹೇಗೆ?

ಹಾಗೆ ಹಿಡಿದವರಲ್ಲಿ ಒಬ್ಬ ಅವನ ಭಾವಮೈದುನ, ಹೆಂಡತಿಯ ಒಬ್ಬನೇ ತಮ್ಮ. ಮೂರು ಬೀದಿ ಆಚೆ ಬಡಗಿ ಕೆಲಸದ ಕೊಟ್ಟಿಗೆ ಇಟ್ಟುಕೊಂಡಿದ್ದ. ತಕ್ಕಡಿಯಪ್ಪನಿಗೆ ಮಗಳು ಹುಟ್ಟಿದಾಗ ಬಡಗಿ ಒಂದು ತೊಟ್ಟಿಲು ಮಾಡಿಕೊಟ್ಟ. ಅಕ್ಕನ ಮೊದಲ ಮಗುವೆಂದು ಹಗಲು ಗಿರಾಕಿಗಳ ಕೆಲಸ, ಸಂಜೆ ತೊಟ್ಟಿಲ ಕೆಲಸ. ನಾಲ್ಕು ಮೂಲೆಗೂ ಪುಟ್ಟ ಪುಟ್ಟ ಹಕ್ಕಿಗಳನ್ನು ಕೆತ್ತಿದ್ದ. ಹೆಗಲ ಮೇಲೆ ಹೊತ್ತು ತಂದು ಇಳಿಸಿ, ಬೆವರು ಒರೆಸಿಕೊಳ್ಳುತ್ತ ನಿಂತ. ತಕ್ಕಡಿಯಪ್ಪ ಏನು ಮಾಡಿದ ಅಂತೀರಿ? ಚೆನ್ನಾಗಿದೆ ಎಂದ, ಸರಿ. ಆಮೇಲೆ ಅವನ ಕಣ್ಣೆದುರಿಗೇ ತೊಟ್ಟಿಲನ್ನು ಎತ್ತಿ ಮೂಟೆ ತೂಗುವ ತಕ್ಕಡಿಯ ಮೇಲೆ ಇಟ್ಟ! ವಾರ ಕಳೆಯುವುದರೊಳಗೆ ಬಡಗಿಯ ಕೊಟ್ಟಿಗೆಯ ಮುಂದೆ ಒಂದು ಗಾಡಿ ನಿಂತಿತು. ಗಾಡಿಯಲ್ಲಿ ಒಳ್ಳೆಯ ಜಾತಿಯ ಮರ, ತೊಟ್ಟಿಲಿನಷ್ಟೇ ತೂಕ, ಮೇಲೊಂದು ಚಿಟಿಕೆ.

ಬಡಗಿ ಆ ಮರವನ್ನು ನೋಡಿದ. ಗಾಡಿಯವನನ್ನು ನೋಡಿದ. "ನಾನು ತೊಟ್ಟಿಲು ಕೊಟ್ಟೆ, ಭಾವ ಸೌದೆ ಕಳಿಸಿದ್ದಾರೆ," ಎಂದ, ಅಷ್ಟೇ. ಅಂದಿನಿಂದ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಜಗಳವೆಂದರೆ ಬೈದಾಟವಿಲ್ಲ, ಕೈಕೈ ಮಿಲಾಯಿಸಿದ್ದಿಲ್ಲ. ಚರ್ಚಿನಲ್ಲಿ ಬಡಗಿ ಎಡಗಡೆಯ ಬೆಂಚು, ಇವನು ಬಲಗಡೆಯದು. ಅಕ್ಕ ತಮ್ಮನ ಮನೆಗೆ ಹೋಗಿ ಬರುತ್ತಿದ್ದಳು, ಮಗಳು ಸೋದರಮಾವನ ಮಡಿಲಲ್ಲೇ ಬೆಳೆದಳು. ಬಡಗಿ ಮಾತ್ರ ಇತ್ತ ಬರಲಿಲ್ಲ, ತಕ್ಕಡಿಯಪ್ಪ ಅತ್ತ ಹೋಗಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದ ಮಗು ಈಗ ಶಾಲೆಯಲ್ಲಿ ಪಾಠ ಹೇಳುವ ಟೀಚರು. ಅಷ್ಟು ಕಾಲ ಆಗಿಹೋಗಿತ್ತು.

ಆ ವರ್ಷ ಕ್ರಿಸ್ಮಸ್ಸಿಗೆ ಇನ್ನೂ ಒಂದಿಷ್ಟು ದಿನ ಇರುವಾಗ ತಕ್ಕಡಿಯಪ್ಪ ಎಂದಿನಂತೆ ಹೆಂಡತಿಯನ್ನು ಕೇಳಿದ. "ನಿನಗೇನು ಬೇಕು ಹೇಳು. ಹೊಸ ಕೋಟಾ? ಒಲೆ ಬದಲಾಯಿಸೋಣವಾ?"

ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಪ್ರತಿ ವರ್ಷವೂ ಏನೋ ಒಂದು ಹೇಳಿ ಮುಗಿಸುತ್ತಿದ್ದವಳು ಈ ಸಲ ಚಾಕು ಕೆಳಗಿಟ್ಟಳು.

"ತಮ್ಮ ಕೊಟ್ಟಿಗೆ ಮಾರಿಬಿಟ್ಟ," ಎಂದಳು. "ಹೊಸ ವರ್ಷ ಆದ ಮೇಲೆ ಹೆಂಡತಿ ಊರಿಗೇ ಹೋಗ್ತಾನೆ. ಅವಳು ತಾಯಿನ ನೋಡ್ಕೊಳ್ಳೋಕೆ ಆಗಲೇ ಹೋಗಿ ಕೂತಿದ್ದಾಳೆ. ಇನ್ನು ಇವನೂ ಅಲ್ಲೇ. ಯಾವಾಗ ನೋಡ್ತೀನೋ ಏನೋ. ಕ್ರಿಸ್ಮಸ್ ದಿನ ಅವನು ನನ್ನ ಮೇಜಿಗೆ ಬಂದು ಊಟ ಮಾಡ್ಬೇಕು. ನನಗೆ ಇನ್ನೇನೂ ಬೇಡ, ಇನ್ನು ಮುಂದೇನೂ ಬೇಡ."

ಅವಳ ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿತ್ತು. ತಕ್ಕಡಿಯಪ್ಪ ಹೆಂಡತಿಯನ್ನು ಬಹಳ ಪ್ರೀತಿಸುತ್ತಿದ್ದ. ಅದನ್ನು ತೂಗಿ ತೋರಿಸಲು ಮಾತ್ರ ಅವನಿಗೆ ಬರುತ್ತಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆಯೇ? ಮೊದಲು ಅವನಿಗೆ ಹೊಳೆದದ್ದು ಉಡುಗೊರೆ ಕಳಿಸುವುದೇ. ಪೇಟೆಗೆ ಹೋಗಿ ಉಣ್ಣೆಯ ಕಂಬಳಿ, ಚರ್ಮದ ಕೈಗವಸು, ದೊಡ್ಡ ಡಬ್ಬದ ತುಂಬ ಬಿಸ್ಕತ್ತು, ಬಡಗಿಯ ಹೆಂಡತಿಗೆ ಒಂದು ಶಾಲು, ಎಲ್ಲ ಕೊಂಡು ತಂದ. ಒಂದು ಪೆಟ್ಟಿಗೆಗೆ ತುಂಬಿ, ದಾರ ಕಟ್ಟಿ, ಮಗಳ ಕೈಯಲ್ಲಿ ಕಳಿಸಿದ. ಕತ್ತಲಾಗುವ ಮುಂಚೆ ಪೆಟ್ಟಿಗೆ ಮನೆಗೆ ವಾಪಸು ಬಂತು. ದಾರದ ಗಂಟು ಕೂಡ ಬಿಚ್ಚಿರಲಿಲ್ಲ.

"ಮಾವ ಏನಂದ?" ಎಂದು ಕೇಳಿದ.

ಮಗಳು ನಗು ತಡೆದುಕೊಳ್ಳುತ್ತ ಹೇಳಿದಳು. "ನಿಮ್ಮಪ್ಪನಿಗೆ ಹೇಳು, ಇಷ್ಟು ತೂಕದ್ದು ತಿರುಗಿ ಕೊಡೋಕೆ ನನ್ನ ಹತ್ರ ಏನೂ ಉಳಿದಿಲ್ಲ, ಕೊಟ್ಟಿಗೆನೂ ಮಾರಿಬಿಟ್ಟಿದ್ದೀನಿ ಅಂದ್ರು."

"ತಿರುಗಿ ಕೊಡು ಅಂತ ನಾನೆಲ್ಲಿ ಅಂದೆ?"

"ಅಪ್ಪ, ನೀವು ಕಳಿಸಿದ ಮೇಲೆ ಅನ್ನಬೇಕಾ?"

ತಕ್ಕಡಿಯಪ್ಪನಿಗೆ ಮೂಗಿನ ಮೇಲೆ ಕೋಪ ಬಂತು. ಇದೊಳ್ಳೆ ಕಥೆಯಾಯಿತಲ್ಲ, ಕೊಟ್ಟರೂ ತಪ್ಪೇ ಎಂದು ಗೊಣಗುತ್ತ ಅರ ತೆಗೆದುಕೊಂಡು ಕುಳಿತ. ಅಂದು ಉಜ್ಜಿದ ಬಟ್ಟು ಉಜ್ಜಿ ಉಜ್ಜಿ ತೂಕವೇ ಕಡಿಮೆಯಾಗಿ ಮತ್ತೆ ಸೀಸ ತುಂಬಬೇಕಾಯಿತು.

ಮಾರನೆಯ ದಿನ ಚರ್ಚಿನ ಪಾದ್ರಿ ಬಂದರು. ವಯಸ್ಸು ಚಿಕ್ಕದು, ನಾಲಿಗೆ ಚುರುಕು. ಚರ್ಚಿನವರು ನಡೆಸುವ ಆಸ್ಪತ್ರೆಯಲ್ಲಿ ಎಳೆ ಕೂಸುಗಳನ್ನು ತೂಗುವ ತಕ್ಕಡಿಯನ್ನು ಕಂಕುಳಲ್ಲಿ ಇರುಕಿಕೊಂಡು ತಂದಿದ್ದರು.

"ಇದನ್ನ ನಂಬಿದರೆ ಈ ವಾರ ಹುಟ್ಟಿದ ಮಕ್ಕಳೆಲ್ಲ ಬೆಕ್ಕಿನ ಮರಿಗಳೇ," ಎಂದರು. "ತಾಯಂದಿರು ಅಳ್ತಾ ಇದ್ದಾರೆ."

"ಮಕ್ಕಳು ಗಟ್ಟಿಯಾಗೇ ಇರ್ತಾವೆ ಫಾದರ್. ಇದರ ದಂಡ ಕೂರೋ ಅಲಗು ಸವೆದಿದೆ," ಎಂದು ತಕ್ಕಡಿಯಪ್ಪ ಅದನ್ನು ಬಿಚ್ಚಿದ. ಪಾದ್ರಿ ಸ್ಟೂಲು ಎಳೆದುಕೊಂಡು ಕುಳಿತರು. ತಕ್ಕಡಿಯಪ್ಪ ಅರ ಉಜ್ಜುತ್ತ ತಲೆ ಎತ್ತದೆಯೇ ಕೇಳಿದ.

"ಫಾದರ್, ಆ ಮೂಡಣ ದೇಶದ ಜ್ಞಾನಿಗಳು ದೇವರ ಕೂಸನ್ನ ನೋಡೋಕೆ ಅಷ್ಟು ದೂರದಿಂದ ಬಂದು ಚಿನ್ನ, ಧೂಪ, ಪರಿಮಳದ ರಕ್ತಬೋಳ ಎಲ್ಲ ಕೊಟ್ಟರಲ್ಲ. ಆ ಕೂಸಿನ ತಾಯಿ ಅವರಿಗೆ ತಿರುಗಿ ಏನು ಕೊಟ್ಟಳು?"

ಪಾದ್ರಿ ಯೋಚಿಸಿದರು. "ಕೊಟ್ಟಳು ಅಂತ ಎಲ್ಲೂ ಬರೆದಿಲ್ಲ."

"ಒಂದು ಲೋಟ ನೀರು?"

"ಕೊಟ್ಟಿರಬಹುದು. ಆದರೆ ಚಿನ್ನದಷ್ಟೇ ತೂಕಕ್ಕೆ ಅಳೆದು ಕೊಟ್ಟಿರಲಿಕ್ಕಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಕ್ಕಡಿಯಪ್ಪನ ಕಿವಿ ಕೆಂಪಾಯಿತು. ತೊಟ್ಟಿಲಿನ ಕಥೆ ಚರ್ಚಿನ ಗೋಡೆಗೂ ಗೊತ್ತಿತ್ತು, ಪಾದ್ರಿಗೆ ಗೊತ್ತಿರುವುದಿಲ್ಲವೇ?

"ಅವಳಿಗೆ ನಾಚಿಕೆ ಆಗ್ಲಿಲ್ವಾ, ಸುಮ್ಮನೆ ತಗೊಳ್ಳೋಕೆ?" ಎಂದ.

"ಇದ್ದದ್ದೇನು ಅವಳ ಹತ್ತಿರ? ಮಗುವನ್ನ ತೋರಿಸಿದಳು. ಅವರು ನೋಡಿದರು, ಖುಷಿಯಾಗಿ ಊರಿಗೆ ಹೋದರು. ಅವರು ಬಂದದ್ದು ಮುಯ್ಯಿ ತಗೊಂಡು ಹೋಗೋಕಲ್ಲ." ಪಾದ್ರಿ ಮೇಜಿನ ಮೇಲಿದ್ದ ಒಂದು ಬಟ್ಟನ್ನು ಎತ್ತಿ ಅಂಗೈಯಲ್ಲಿ ಆಡಿಸಿದರು. "ಅದಿರಲಿ, ನೀವು ಪ್ರತಿ ಶನಿವಾರ ಬಂದು ಚರ್ಚಿನ ಬೆಂಚು ಒರೆಸ್ತೀರಲ್ಲ. ಯಾಕೆ?"

"ದೇವರು ಕೊಟ್ಟಿದ್ದಾನಲ್ಲ, ಅದಕ್ಕೆ."

"ಎಷ್ಟು ಕಾಲದಿಂದ?"

"ಮದುವೆಗೂ ಮುಂಚಿನಿಂದ."

"ಹಾಗಾದರೆ ಇಷ್ಟೊತ್ತಿಗೆ ಸಮ ಆಗಿರ್ಬೇಕು. ಮುಳ್ಳು ಎಲ್ಲಿ ನಿಂತಿದೆ?"

ತಕ್ಕಡಿಯಪ್ಪ ನಕ್ಕುಬಿಟ್ಟ. ನಗುತ್ತಲೇ, "ಅದು ಹೇಗೆ ಸಮ ಆಗುತ್ತೆ ಫಾದರ್? ಲೋಕಕ್ಕೆ ಮಗನನ್ನೇ ಕೊಟ್ಟ ದೇವರಿಗೆ ಬೆಂಚು ಒರೆಸಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ನಗು ಎಲ್ಲೋ ಹೋಯಿತು.

"ಅವನು ತಿರುಗಿ ಕೇಳಿದನಾ?" ಪಾದ್ರಿಯ ದನಿ ಈಗ ಮೆತ್ತಗಿತ್ತು.

"ಇಲ್ಲ."

"ಮತ್ತೇನು ಹೇಳಿದ?"

ತಕ್ಕಡಿಯಪ್ಪ ಅರ ಕೆಳಗಿಟ್ಟು ಅಂಗೈ ನೋಡಿಕೊಂಡ. ದೇವರ ಮಗ ಕೊನೆಯ ಊಟದಲ್ಲಿ ಶಿಷ್ಯರಿಗೆ ಮುರಿದುಕೊಟ್ಟ ರೊಟ್ಟಿಯ ನೆನಪಿಗೆ, ಪ್ರತಿ ಭಾನುವಾರ ಚರ್ಚಿನಲ್ಲಿ ಅಂಗೈ ಒಡ್ಡಿ ರೊಟ್ಟಿಯ ತುಣುಕನ್ನು ತೆಗೆದುಕೊಳ್ಳುತ್ತಿದ್ದವನು ಅವನೇ ಅಲ್ಲವೇ? "ತಗೊಳ್ಳಿ ಅಂದ," ಎಂದ. "ಅಷ್ಟೇ ಅಂದದ್ದು."

ಪಾದ್ರಿ ಬುದ್ಧಿವಂತರು, ಮಾತು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು. ಕೂಸಿನ ತಕ್ಕಡಿ ಸರಿಹೋದ ಮೇಲೆ ಅದನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟರು. ತಕ್ಕಡಿಯಪ್ಪ ಆಮೇಲೆ ಅರ ಮುಟ್ಟಲಿಲ್ಲ. ತಮ್ಮನಂಥವನು ತಿಂಗಳಾನುಗಟ್ಟಲೆ ಕೂತು ಹಕ್ಕಿ ಕೆತ್ತಿದ, ತಗೋ ಭಾವ ಎಂದ. ನಾನು ತೆಗೆದುಕೊಳ್ಳಲೇ ಇಲ್ಲವಲ್ಲ ಎಂಬ ಮಾತು ಅವನನ್ನು ಕೊರೆಯತೊಡಗಿತು. ದೊಡ್ಡಮ್ಮ ಕೊಟ್ಟದ್ದನ್ನು ಸಾರಿ ಹೇಳುತ್ತಿದ್ದಳು. ತಾನು ಮಾಡಿದ್ದೂ ಅದನ್ನೇ. ಬಾಯಲ್ಲಿ ಹೇಳುವ ಬದಲು ಗಾಡಿ ಕಟ್ಟಿ ಹೇಳಿದ್ದ. ಹಾಗೆ ಅನಿಸಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಅವನು ಕೋಟು ಹಾಕಿಕೊಂಡು ಬೀದಿಗಿಳಿದ. ಕೈಯಲ್ಲಿ ಏನೂ ಇರಲಿಲ್ಲ. ಯಾರ ಮನೆಗಾದರೂ ಬರಿಗೈಯಲ್ಲಿ ಹೊರಟದ್ದು ಅವನ ಜನ್ಮದಲ್ಲಿ ಇದೇ ಮೊದಲು, ಆ ಕೈಗಳನ್ನು ಏನು ಮಾಡುವುದೆಂದೇ ಅವನಿಗೆ ತಿಳಿಯಲಿಲ್ಲ. ಜೇಬಿಗೆ ಹಾಕಿದ, ತೆಗೆದ, ಹಿಂದೆ ಕಟ್ಟಿಕೊಂಡ. ಹಣ್ಣಿನಂಗಡಿಯ ಮುಂದೆ ಕಾಲು ತಾನಾಗಿಯೇ ನಿಂತಿತು. ಕಿತ್ತಳೆ ಹಣ್ಣುಗಳು ಗುಡ್ಡೆಯಾಗಿ ಹೊಳೆಯುತ್ತಿದ್ದವು. ಎರಡು ಕೈಯಲ್ಲೂ ಹಣ್ಣು ಎತ್ತಿಕೊಂಡ, ಹಾಗೇ ನಿಂತ, ಮತ್ತೆ ಗುಡ್ಡೆಯ ಮೇಲೆ ಇಟ್ಟ.

"ಯಾಕೆ, ಹುಳಿ ಅನಿಸ್ತಾ?" ಎಂದಳು ಹಣ್ಣಿನವಳು.

"ಚೆನ್ನಾಗಿವೆ ಕಣಮ್ಮ. ಅದಕ್ಕೇ ಇಟ್ಟೆ," ಎಂದು ಅವನು ನಡೆದುಬಿಟ್ಟ. ಇವನಿಗೇನೋ ಆಗಿದೆ ಎಂದುಕೊಂಡಳು ಅವಳು. ಆಗಿದ್ದು ನಿಜವೇ.

ಬಡಗಿಯ ಕೊಟ್ಟಿಗೆ ಅರ್ಧ ಖಾಲಿಯಾಗಿತ್ತು. ಗರಗಸಗಳನ್ನು ಗೋಣಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿದ್ದ. ಉಳಿದಿದ್ದ ಒಂದು ಬೆಂಚಿನ ಮೇಲೆ ಬಡಗಿ ಒಬ್ಬನೇ ಕೂತು, ಕಾಗದದ ಪೊಟ್ಟಣ ಬಿಚ್ಚಿ, ಊಟಕ್ಕೆ ಅಣಿಯಾಗುತ್ತಿದ್ದ: ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿದ. ಮೊದಲು ಅವನು ನೋಡಿದ್ದು ಭಾವನ ಮುಖವನ್ನಲ್ಲ, ಕೈಗಳನ್ನು.

"ಏನೂ ತಂದಿಲ್ಲ," ಎಂದ ತಕ್ಕಡಿಯಪ್ಪ.

"ಕಾಣ್ತಾ ಇದೆ. ಗಾಡಿ ಹಿಂದೆ ಬರ್ತಾ ಇದೆಯಾ?"

"ಗಾಡಿನೂ ಇಲ್ಲ."

"ಮತ್ತೆ ಯಾಕೆ ಬಂದ್ರಿ ಭಾವ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವನಿಗೆ ಮರೆತುಹೋದವು. "ಕೇಳೋಕೆ ಬಂದೆ," ಎಂದ. "ನಾಳೆ ನಮ್ಮ ಮನೆಗೆ ಊಟಕ್ಕೆ ಬಾ. ನಿಮ್ಮಕ್ಕ ಕೇಳಿದಾಳೆ. ನಾನೂ ಕೇಳ್ತಾ ಇದ್ದೀನಿ. ಇದಕ್ಕೆ ತಿರುಗಿ ಕೊಡೋಕೆ ನನ್ನ ಹತ್ರ ಏನೂ ಇಲ್ಲ, ಕೊಡೋದೂ ಇಲ್ಲ. ಅವತ್ತು ಮಾಡಿದ್ದು ತಪ್ಪಾಯ್ತು. ನೀನು ಕೊಟ್ಟಾಗ ನಾನು ತಗೊಳ್ಳಬೇಕಿತ್ತು."

ಬಡಗಿ ಅವನನ್ನು ದಿಟ್ಟಿಸಿ ನೋಡಿದ. ಅವನಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡ ಸಿಟ್ಟನ್ನು ಒಂದೇ ಸಲಕ್ಕೆ ಕೆಳಗಿಡು ಎಂದರೆ ಯಾರಿಗಾದರೂ ಕಷ್ಟವೇ.

"ಆ ಮರ ಏನಾಯ್ತು ಗೊತ್ತಾ?" ಎಂದ. "ಒಳ್ಳೆ ಮರ ಭಾವ, ಬಂಗಾರದಂಥಾ ಮರ. ಆದ್ರೆ ಅದಕ್ಕೆ ಉಳಿ ಹಚ್ಚೋಕೆ ಕೈ ಬರ್ಲಿಲ್ಲ ನನಗೆ. ಹಿತ್ತಲಲ್ಲಿ ಬಿದ್ದೇ ಇತ್ತು. ಗೆದ್ದಲು ತಿಂದು ಮುಗಿಸಿದವು."

"ಗೆದ್ದಲಾದರೂ ಸುಮ್ಮನೆ ತಗೊಂಡ್ವಲ್ಲ," ಎಂದ ತಕ್ಕಡಿಯಪ್ಪ.

ಬಡಗಿಗೆ ನಗು ತಡೆಯಲಾಗಲಿಲ್ಲ. ಮೂಗಿನಲ್ಲಿ ಶುರುವಾದ ನಗು ಹೊಟ್ಟೆಗಿಳಿದು, ಬೆಂಚು ಅಲುಗಾಡುವ ತನಕ ನಕ್ಕ. ಆಮೇಲೆ ಕೈಯಿಂದ ಪಕ್ಕದ ಮರದ ಹೊಟ್ಟನ್ನು ಗುಡಿಸಿ ಜಾಗ ಮಾಡಿದ. "ಕೂತ್ಕೊಳ್ಳಿ. ಕೇಳೋದು ಕಲಿತಿದ್ದೀರಿ, ಸರಿ. ತಗೊಳ್ಳೋದು ಬರುತ್ತಾ ನೋಡೋಣ," ಎಂದು ಒಂದು ತುಂಡು ಬ್ರೆಡ್ಡು ಎತ್ತಿ, ಮೊಟ್ಟೆಯನ್ನು ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ಅದರ ಮೇಲಿಟ್ಟು ಮುಂದೆ ಹಿಡಿದ.

ತಕ್ಕಡಿಯಪ್ಪನ ಬಲಗೈ ತನ್ನಷ್ಟಕ್ಕೆ ತಾನೇ ಕೋಟಿನ ಜೇಬಿಗೆ ಹೋಯಿತು, ಏನಾದರೂ ಇದೆಯೇ ಎಂದು ತಡಕಿತು. ಬಡಗಿ ಆ ಕೈಯನ್ನೇ ನೋಡುತ್ತಿದ್ದ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಕೈ ಜೇಬಿನಿಂದ ಮೆಲ್ಲಗೆ ಹೊರಗೆ ಬಂತು, ಬರಿದಾಗಿಯೇ ಬಂತು. ಅವನು ಎರಡೂ ಕೈ ಒಡ್ಡಿ ಬ್ರೆಡ್ಡು ತೆಗೆದುಕೊಂಡ. ದೊಡ್ಡಮ್ಮನ ಮನೆ ಬಿಟ್ಟಮೇಲೆ ಇನ್ನೊಬ್ಬರ ಪಾಲಿನದನ್ನು ಅವನು ಮುಯ್ಯಿಯ ಲೆಕ್ಕವಿಲ್ಲದೆ ತಿಂದದ್ದು ಅದೇ ಮೊದಲು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಹಸಿವಾಗಿತ್ತು, ರುಚಿಯಾಗಿತ್ತು, ಅಷ್ಟೇ.

"ಇನ್ನೂ ಸ್ವಲ್ಪ ಹಾಕ್ಲಾ?" ಎಂದ ಬಡಗಿ. ತನ್ನದರಲ್ಲಿ ಉಳಿದದ್ದೇ ಒಂದು ತುಂಡು.

"ಕೊಡು," ಎಂದ ತಕ್ಕಡಿಯಪ್ಪ.

ಮಾರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಭಾವ, ಭಾವಮೈದುನ ಇಬ್ಬರೂ ಚರ್ಚಿನ ಮೆಟ್ಟಿಲನ್ನು ಜೊತೆಯಾಗಿ ಇಳಿದು ಬರುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಹೆಂಡತಿ ಮಾತ್ರ ನೋಡಲಿಲ್ಲ. ಒಲೆಯ ಮೇಲೆ ಅಡುಗೆ ಇಟ್ಟಿದ್ದಳಾದ್ದರಿಂದ ಮುಂಚೆಯೇ ಮನೆಗೆ ಓಡಿದ್ದಳು. ಗಂಡ ಅವಳಿಗೆ ಏನೂ ಹೇಳಿರಲಿಲ್ಲ. ಅಕಸ್ಮಾತ್ ತಮ್ಮ ಮನಸ್ಸು ಬದಲಾಯಿಸಿದರೆ ಅವಳ ಎದೆ ಒಡೆಯುತ್ತದೆ ಎಂಬ ಭಯ ಅವನಿಗಿತ್ತು.

ಬಾಗಿಲು ತೆರೆದವಳು ತಮ್ಮನನ್ನು ಕಂಡಳು. ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಳು. ಆಮೇಲೆ ನಿನ್ನೆ ಸಂಜೆ ಬಂದು ಹೋದವನಿಗೆ ಹೇಳುವ ಹಾಗೆ, "ಬೂಟು ಸರಿಯಾಗಿ ಉಜ್ಜಿ ಬಾ, ನೆಲ ಈಗ ಒರೆಸಿದ್ದೀನಿ," ಎಂದು ಗದರಿ ಒಳಗೆ ಹೋಗಿಬಿಟ್ಟಳು. ಬಡಗಿ ಆಜ್ಞೆ ಪಾಲಿಸಿದ. ಮಗಳು ಸೋದರಮಾವನ ಕೈ ಹಿಡಿದು ಮೇಜಿಗೆ ಕರೆದೊಯ್ದಳು.

ತಕ್ಕಡಿಯಪ್ಪ ಅಡುಗೆಮನೆಗೆ ಹೋದಾಗ ಹೆಂಡತಿ ಒಲೆಯ ಕಡೆ ತಿರುಗಿಕೊಂಡು, ಕುದಿಯದ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು.

"ಏನು ಕೊಟ್ಟು ಕರ್ಕೊಂಡು ಬಂದ್ರಿ ಅವನನ್ನ?" ಎಂದಳು ಇತ್ತ ತಿರುಗದೆ. "ನಿಜ ಹೇಳಿ. ಏನು ಕೊಟ್ರಿ?"

"ಏನೂ ಕೊಡ್ಲಿಲ್ಲ."

"ಸುಳ್ಳು."

"ಸತ್ಯವಾಗ್ಲೂ. ಕೇಳಿದೆ. ಅವನು ಕೊಟ್ಟ. ನಾನು ತಗೊಂಡೆ."

ಸೌಟು ನಿಂತಿತು. ಅವಳು ತಿರುಗಿ ಗಂಡನ ಮುಖ ನೋಡಿದಳು, ಅವನೇ ಹೌದೋ ಅಲ್ಲವೋ ಎನ್ನುವ ಹಾಗೆ ನೋಡಿದಳು. ಆಮೇಲೆ ಹಣೆಯನ್ನು ಅವನ ಎದೆಗೆ ಆನಿಸಿ ಅತ್ತುಬಿಟ್ಟಳು. ಊಟದ ಕೋಣೆಯಿಂದ ತಮ್ಮ, "ಅಕ್ಕಾ, ನಿನ್ನ ಮನೇಲಿ ಊಟಕ್ಕೂ ತೂಕ ಹಾಕ್ಬೇಕಾ, ಇಲ್ಲ ಹಾಗೇ ಬಡಿಸ್ತೀಯಾ?" ಎಂದು ಕೂಗಿದ. ಅವಳು ಅಳುತ್ತಲೇ ನಕ್ಕಳು, ಮೂಗು ಒರೆಸಿಕೊಂಡಳು, ದೊಡ್ಡ ಪಾತ್ರೆಯನ್ನು ಎತ್ತಿ ಗಂಡನ ಕೈಗೆ ಕೊಟ್ಟು, "ನಡೀರಿ, ಅವನು ಕಾಯ್ತಾ ಇದ್ದಾನೆ," ಎಂದಳು.